ವೀರ್ಯ ಫ್ರೀಜ್ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಯಾವ ವಿಧಾನ, ಎಷ್ಟು ನಷ್ಟ, ಲ್ಯಾಬ್‌ನಲ್ಲಿ ಏನು ವಿಚಾರಿಸಬೇಕು

ಕೀಮೋ ಶುರುವಾಗುವ ಮುಂಚೆ ಬರುವವರಿದ್ದಾರೆ. ಐವಿಎಫ್ (ಲ್ಯಾಬ್‌ನಲ್ಲಿ ಅಂಡಾಣು, ವೀರ್ಯಾಣು ಸೇರಿಸುವ ಚಿಕಿತ್ಸೆ) ದಿನ ಗಂಡ ದುಬೈನಲ್ಲಿರುತ್ತಾರೆ ಅಂತ ಮೊದಲೇ ಬಂದು ಕೊಟ್ಟು ಹೋಗುವವರಿದ್ದಾರೆ. ಕಾರಣ ಏನೇ ಇರಲಿ, ಎಲ್ಲರ ಅನುಮಾನ ಒಂದೇ: ಫ್ರೀಜ್ ಮಾಡಿದರೆ ಕ್ವಾಲಿಟಿ ಹಾಳಾಗುತ್ತಾ? ಆಗುತ್ತದೆ. ಆದರೆ ನೀವು ಹೆದರಿದಷ್ಟೇನೂ ಅಲ್ಲ. ಮತ್ತೆ, ಬ್ರೋಷರ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆದಿರುವ ವಿಧಾನದ ಹೆಸರಿಗಿಂತ, ಕರಗಿಸಿದ ಮೇಲೆ ಓಡಾಡುವ ವೀರ್ಯಾಣು ಎಷ್ಟು ಉಳಿದವು ಅನ್ನುವ ಒಂದು ಸಂಖ್ಯೆ ಮುಖ್ಯ. ಇಲ್ಲಿರುವ ಉತ್ತರಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಫ್ರೀಜ್ ಮಾಡಿದರೆ ಎಷ್ಟು ವೀರ್ಯಾಣು ಕೈಬಿಡುತ್ತವೆ?

ಅಂದಾಜಿಗೆ ಅರ್ಧ. ಅಂದರೆ ಫ್ರೀಜ್ ಮಾಡುವ ಮುಂಚೆ ಓಡಾಡುತ್ತಿದ್ದ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಕರಗಿಸಿದ ಮೇಲೂ ಓಡಾಡುತ್ತವೆ. ಇದು ಸರಾಸರಿ ಮಾತು. ಕೆಲವರದ್ದು ಮುಕ್ಕಾಲು ಭಾಗ ಉಳಿಯುತ್ತದೆ, ಕೆಲವರದ್ದು ಕಾಲು ಭಾಗವೂ ಉಳಿಯುವುದಿಲ್ಲ. ಮೊದಲೇ ಸಂಖ್ಯೆ ಕಡಿಮೆ, ಚಲನೆ ಕಡಿಮೆ ಇರುವ ಸ್ಯಾಂಪಲ್‌ಗೆ ಪೆಟ್ಟು ಜಾಸ್ತಿ. ಒಬ್ಬರೇ ಬೇರೆ ಬೇರೆ ದಿನ ಕೊಟ್ಟ ಸ್ಯಾಂಪಲ್‌ಗಳಲ್ಲೂ ವ್ಯತ್ಯಾಸ ಕಾಣುತ್ತದೆ.

ಅಷ್ಟೊಂದು ಚಳಿಗೆ ಸಾಯುತ್ತವಾ?

ಚಳಿಗಲ್ಲ, ಮಂಜುಗಡ್ಡೆಗೆ. ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಕೂತಿರುವ ವೀರ್ಯಾಣುವಿಗೆ ಏನೂ ಆಗುವುದಿಲ್ಲ. ಅಪಾಯ ಇರುವುದು ಅಲ್ಲಿಗೆ ಇಳಿಯುವ ದಾರಿಯಲ್ಲಿ ಮತ್ತು ಅಲ್ಲಿಂದ ಹತ್ತಿ ಬರುವ ದಾರಿಯಲ್ಲಿ. ಅದರಲ್ಲೂ ಮೈನಸ್ 5ರಿಂದ ಮೈನಸ್ 60ರವರೆಗಿನ ಇಳಿಜಾರಿನಲ್ಲಿ.

ಅಲ್ಲಿ ಆಗುವುದು ಇಷ್ಟು. ಮೊದಲು ವೀರ್ಯಾಣುವಿನ ಹೊರಗಿನ ನೀರು ಗಡ್ಡೆಯಾಗುತ್ತದೆ. ಗಡ್ಡೆಯಾಗುವುದು ಬರೀ ನೀರು, ಉಪ್ಪು ಅದರ ಜೊತೆ ಹೋಗುವುದಿಲ್ಲ. ಹಾಗಾಗಿ ಗಡ್ಡೆಯಾಗದೆ ಉಳಿದ ನೀರು ಉಪ್ಪುಪ್ಪಾಗುತ್ತಾ ಹೋಗುತ್ತದೆ, ಆ ಉಪ್ಪು ವೀರ್ಯಾಣುವಿನ ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ, ಜೀವಕೋಶ ಸುಕ್ಕಾಗುತ್ತದೆ. ತೀರಾ ನಿಧಾನವಾಗಿ ತಣಿಸಿದರೆ ಈ ಉಪ್ಪುನೀರಿನಲ್ಲಿ ಜಾಸ್ತಿ ಹೊತ್ತು ನೆನೆದು ಪೊರೆ ಹಾಳಾಗುತ್ತದೆ. ತೀರಾ ಬೇಗ ತಣಿಸಿದರೆ ಒಳಗಿನ ನೀರಿಗೆ ಹೊರಬರಲು ಪುರುಸೊತ್ತೇ ಸಿಗುವುದಿಲ್ಲ, ಒಳಗೇ ಗಡ್ಡೆಯಾಗಿ ಪೊರೆ ಹರಿಯುತ್ತದೆ. ಫ್ರೀಜರ್‌ನಲ್ಲಿಟ್ಟ ಟೊಮೇಟೊ ಕರಗಿದ ಮೇಲೆ ಪಿಚಪಿಚ ಅನ್ನುವುದೂ ಮಂಜುಗಡ್ಡೆಯ ಹರಳುಗಳ ಪೆಟ್ಟಿನಿಂದಲೇ. ಈ ಎರಡು ಕಡೆಯ ಪೆಟ್ಟಿನ ವಿವರಣೆಯನ್ನು ಪೀಟರ್ ಮಜೂರ್ ಎಂಬ ವಿಜ್ಞಾನಿ 1972ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಇವತ್ತಿಗೂ ಎಲ್ಲ ಫ್ರೀಜಿಂಗ್ ವಿಧಾನಗಳೂ ಈ ಎರಡರಿಂದ ತಪ್ಪಿಸಿಕೊಳ್ಳುವ ಪ್ರಯತ್ನಗಳೇ.

ವೀರ್ಯಾಣುವಿಗೆ ಒಂದು ಅನುಕೂಲ ಇದೆ. ಅದು ಬಹಳ ಚಿಕ್ಕದು, ಒಳಗೆ ನೀರೂ ಕಡಿಮೆ. ಅಂಡಾಣುವಿಗಿಂತ ಎಷ್ಟೋ ಸುಲಭವಾಗಿ ಫ್ರೀಜ್ ಆಗುತ್ತದೆ. ಒಂದು ಅನಾನುಕೂಲವೂ ಇದೆ: ಅದರ ಪೊರೆಯಲ್ಲಿರುವ ಕೊಬ್ಬು ಆಕ್ಸಿಜನ್ ರ‍್ಯಾಡಿಕಲ್‌ಗಳಿಗೆ (ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಆಕ್ಸಿಜನ್ ಕಣಗಳಿಗೆ) ಬೇಗ ಬಲಿಯಾಗುವ ಜಾತಿಯದು, ಅದನ್ನು ತಡೆಯುವ ವ್ಯವಸ್ಥೆ ಒಳಗೆ ಹೆಚ್ಚೇನಿಲ್ಲ. ಬಾಲಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಇರುವ ನಡುಭಾಗ, ಅಂಡಾಣುವಿನೊಳಗೆ ನುಗ್ಗಲು ಬೇಕಾದ ತಲೆಯ ಟೊಪ್ಪಿ, ಎರಡಕ್ಕೂ ಪೆಟ್ಟು ಬೀಳಬಹುದು. ಹಾಗಾಗಿ ಕರಗಿಸಿದ ಮೇಲೆ ಜೀವ ಇದ್ದೂ ಓಡಾಡದ ವೀರ್ಯಾಣುಗಳು ಕಾಣಸಿಗುತ್ತವೆ.

ಫ್ರೀಜ್ ಮಾಡುವ ಮುಂಚೆ ಹಳದಿ ದ್ರವ ಏನೋ ಸೇರಿಸುತ್ತಾರಲ್ಲ, ಅದೇನು?

ಫ್ರೀಜಿಂಗ್ ಮೀಡಿಯಾ. ಅದರಲ್ಲಿ ಮುಖ್ಯವಾದದ್ದು ಗ್ಲಿಸರಾಲ್. ಅದು ಒಳಗೂ ಹೊರಗೂ ಸೇರಿಕೊಂಡು ಗಡ್ಡೆ ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಉಪ್ಪಿನ ಹೊಡೆತವನ್ನೂ ತಗ್ಗಿಸುತ್ತದೆ. ಹಳದಿ ಬಣ್ಣ ಕೋಳಿಮೊಟ್ಟೆಯದು. ಮೊಟ್ಟೆಯ ಹಳದಿ ಪೊರೆಯನ್ನು ಕಾಯುತ್ತದೆ. ಈಗ ಮೊಟ್ಟೆ ಇಲ್ಲದ ಮೀಡಿಯಾಗಳೂ ಬಂದಿವೆ.

ಗ್ಲಿಸರಾಲ್ ಸಿಕ್ಕಿದ ಕಥೆ ಮಜವಾಗಿದೆ. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಫ್ರೀಜ್ ಮಾಡಲು ಹೆಣಗಾಡುತ್ತಿದ್ದರು. ಒಂದು ಸಲ ಇದ್ದಕ್ಕಿದ್ದಂತೆ ಚೆನ್ನಾಗಿ ಬಂತು. ನೋಡಿದರೆ ಬಾಟಲಿಯ ಲೇಬಲ್ ಅದಲುಬದಲಾಗಿತ್ತು, ಒಳಗಿದ್ದದ್ದು ಗ್ಲಿಸರಾಲ್! 1949ರಲ್ಲಿ ಅದು ಪ್ರಕಟವಾಯಿತು. 1953ರಲ್ಲಿ ಅಮೆರಿಕದ ಅಯೋವಾದಲ್ಲಿ ಬಂಗೆ ಮತ್ತು ಶರ್ಮನ್ ಎಂಬ ಇಬ್ಬರು, ಡ್ರೈ ಐಸ್‌ನಲ್ಲಿ ಫ್ರೀಜ್ ಮಾಡಿದ ಮನುಷ್ಯರ ವೀರ್ಯದಿಂದ ಗರ್ಭ ನಿಂತದ್ದನ್ನು ಮೊದಲ ಬಾರಿಗೆ ವರದಿ ಮಾಡಿದರು.

ಆದರೆ ಗ್ಲಿಸರಾಲ್ ಕೂಡ ಸಂಪೂರ್ಣ ಸಾಧು ಅಲ್ಲ. ಜಾಸ್ತಿಯಾದರೆ ಅದೇ ವಿಷ. ಒಂದೇ ಸಲ ಸುರಿದರೂ ವೀರ್ಯಾಣು ಮೊದಲು ಸುಕ್ಕಾಗಿ ಆಮೇಲೆ ಉಬ್ಬಿ ಒದ್ದಾಡುತ್ತದೆ. ಅದಕ್ಕೇ ಹನಿ ಹನಿಯಾಗಿ, ನಿಧಾನವಾಗಿ ಕಲಕುತ್ತಾ ಸೇರಿಸಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮನುಷ್ಯರ ಕೈಗುಣ ಜಾಸ್ತಿ ಕಾಣುವುದು ಈ ಹಂತದಲ್ಲೇ, ಮತ್ತು ಯಾವ ಬ್ರೋಷರ್‌ನಲ್ಲೂ ಇದರ ಸುದ್ದಿ ಇರುವುದಿಲ್ಲ.

ಯಾವ ಯಾವ ವಿಧಾನಗಳಿವೆ?

ಮುಖ್ಯವಾಗಿ ಮೂರು.

ನಿಧಾನದ ಫ್ರೀಜಿಂಗ್‌ಗೆ ಕಂಪ್ಯೂಟರ್ ಇರುವ ಯಂತ್ರ ಬೇಕು. ರೂಮಿನ ತಾಪಮಾನದಿಂದ 5 ಡಿಗ್ರಿಯವರೆಗೆ ನಿಮಿಷಕ್ಕೆ ಅರ್ಧದಿಂದ ಒಂದು ಡಿಗ್ರಿಯಂತೆ ಇಳಿಸುತ್ತದೆ. ಆಮೇಲೆ ವೇಗ ಹೆಚ್ಚಿಸಿ ಮೈನಸ್ 80ಕ್ಕೆ ತಂದು, ಕೊನೆಗೆ ನೈಟ್ರೋಜನ್‌ಗೆ ಹಾಕುತ್ತಾರೆ. ಇದರ ಲಾಭ ಏನೆಂದರೆ ಇವತ್ತು ಮಾಡಿದ್ದನ್ನು ನಾಳೆಯೂ ಹಾಗೇ ಮಾಡಬಹುದು. ನೀರು ಗಡ್ಡೆಯಾಗುವಾಗ ಒಂದಿಷ್ಟು ಶಾಖ ಹೊರಬಿಡುತ್ತದೆ, ಸ್ಟ್ರಾ (ವೀರ್ಯ ತುಂಬಿಡುವ ತೆಳು ಕೊಳವೆ) ಒಳಗೆ ತಾಪಮಾನ ಒಮ್ಮೆ ಮೇಲಕ್ಕೆ ಜಿಗಿಯುತ್ತದೆ. ಒಳ್ಳೆಯ ಯಂತ್ರ ಅದನ್ನು ಸರಿದೂಗಿಸುತ್ತದೆ. ನಷ್ಟ ಏನೆಂದರೆ ಯಂತ್ರ ದುಬಾರಿ, ಸಮಯ ಹಿಡಿಯುತ್ತದೆ, ನೈಟ್ರೋಜನ್ ಕುಡಿಯುತ್ತದೆ.

ಎರಡನೆಯದು ಆವಿ ವಿಧಾನ. ಶರ್ಮನ್ ಅವರೇ 1963ರಲ್ಲಿ ತೋರಿಸಿಕೊಟ್ಟದ್ದು, ಇವತ್ತಿಗೂ ಬಹಳಷ್ಟು ಲ್ಯಾಬ್‌ಗಳಲ್ಲಿ ನಡೆಯುವುದು ಇದೇ. ಲಿಕ್ವಿಡ್ ನೈಟ್ರೋಜನ್ ಮೇಲೆ 10–15 ಸೆಂಟಿಮೀಟರ್ ಎತ್ತರದಲ್ಲಿ, ಅದರ ಆವಿಯಲ್ಲಿ, ಸ್ಟ್ರಾಗಳನ್ನು ಕಾಲು ಗಂಟೆ ಅರ್ಧ ಗಂಟೆ ಇಟ್ಟು ಆಮೇಲೆ ಮುಳುಗಿಸುವುದು. ನೋಡಲು ಇದೇನು ಮಹಾ ಅನ್ನಿಸುತ್ತದೆ. ಆದರೆ ಆ ಎತ್ತರ ಎರಡು ಸೆಂಟಿಮೀಟರ್ ಆಚೀಚೆ ಆದರೂ ತಣಿಯುವ ವೇಗ ಬದಲಾಗುತ್ತದೆ. ಸ್ಟ್ರಾ ಅಡ್ಡಡ್ಡ ಮಲಗಿಸಿದ್ದರೆ ಎಲ್ಲ ಕಡೆ ಒಂದೇ ಥರ ತಣಿಯುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕೆಳತುದಿ ಬೇಗ, ಮೇಲ್ತುದಿ ತಡ.

ಮೂರನೆಯದು ವಿಟ್ರಿಫಿಕೇಶನ್. ಗಡ್ಡೆ ಕಟ್ಟಲು ಅವಕಾಶವನ್ನೇ ಕೊಡದಷ್ಟು ವೇಗವಾಗಿ, ನಿಮಿಷಕ್ಕೆ ಸಾವಿರಾರು ಡಿಗ್ರಿಯ ಲೆಕ್ಕದಲ್ಲಿ ತಣಿಸುವುದು. ಆಗ ನೀರು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅಂಡಾಣು ಮತ್ತು ಭ್ರೂಣದ ವಿಷಯದಲ್ಲಿ ಇದು ಬಂದ ಮೇಲೆ ಕಥೆಯೇ ಬದಲಾಯಿತು. ವೀರ್ಯಕ್ಕೆ ಅಷ್ಟು ಸಲೀಸಾಗಿ ಒಗ್ಗಲಿಲ್ಲ, ಯಾಕೆಂದರೆ ಅಂಡಾಣುವಿಗೆ ಬಳಸುವಷ್ಟು ಗಾಢವಾದ ರಾಸಾಯನಿಕ ವೀರ್ಯಾಣು ತಡೆಯುವುದಿಲ್ಲ. 2000ರ ದಶಕದಲ್ಲಿ ಜರ್ಮನಿಯಲ್ಲಿ ಇಸಾಚೆಂಕೊ ಎಂಬ ಸಂಶೋಧಕರ ತಂಡ ಬೇರೆ ದಾರಿ ಹಿಡಿಯಿತು: ಗ್ಲಿಸರಾಲ್ ಇಲ್ಲದೆ, ಬರೀ ಸಕ್ಕರೆ ಮತ್ತು ಆಲ್ಬುಮಿನ್ ಪ್ರೋಟೀನ್ ಇಟ್ಟುಕೊಂಡು, ಚಿಕ್ಕ ಚಿಕ್ಕ ಹನಿಗಳನ್ನು ನೇರ ನೈಟ್ರೋಜನ್‌ಗೆ ಬಿಡುವುದು. ವಿಧಾನ ಕೆಲಸ ಮಾಡಿತು. ಆದರೆ ಹನಿ ಚಿಕ್ಕದಿರಬೇಕು, ಅದೇ ಇದರ ಮಿತಿ.

ಹಾಗಾದರೆ ಯಾವುದು ಬೆಸ್ಟ್? ನೇರ ಹೇಳಿ.

ನೇರ ಹೇಳಬೇಕೆಂದರೆ, ಸಾಧಾರಣ ಸ್ಯಾಂಪಲ್‌ಗೆ ನಿಧಾನದ ಯಂತ್ರಕ್ಕೂ ಆವಿ ವಿಧಾನಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಸರಿಯಾಗಿ ಮಾಡಿದರೆ ಎರಡೂ ಸರಿ. ಒಳ್ಳೆಯ ಕೈಯ ಆವಿ ವಿಧಾನ, ಅಸಡ್ಡೆಯಿಂದ ನಡೆಸಿದ ದುಬಾರಿ ಯಂತ್ರಕ್ಕಿಂತ ಮೇಲು. ವಿಟ್ರಿಫಿಕೇಶನ್‌ನಲ್ಲಿ ಚಲನೆ ಸ್ವಲ್ಪ ಜಾಸ್ತಿ ಉಳಿಯಿತು ಅನ್ನುವ ಅಧ್ಯಯನಗಳಿವೆ, ಅಂಥ ವ್ಯತ್ಯಾಸ ಕಾಣಲಿಲ್ಲ ಅನ್ನುವವೂ ಇವೆ. ಅದರಿಂದ ಮಕ್ಕಳು ಜಾಸ್ತಿ ಹುಟ್ಟಿದರು ಅಂತ ತೋರಿಸಿದ ಗಟ್ಟಿ ಪುರಾವೆ ಇಲ್ಲ. ಹಾಗಾಗಿ ಸಾಕಷ್ಟು ವೀರ್ಯಾಣು ಇರುವವರಿಗೆ "ನಮ್ಮದು ವಿಟ್ರಿಫಿಕೇಶನ್, ಅದಕ್ಕೇ ರೇಟು ಜಾಸ್ತಿ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಅವರ ಲ್ಯಾಬ್‌ನಲ್ಲಿ ಕರಗಿಸಿದ ಮೇಲೆ ಸಾಮಾನ್ಯವಾಗಿ ಎಷ್ಟು ಉಳಿಯುತ್ತದೆ ಅಂತ ಕೇಳಿ. ಬೆರಳೆಣಿಕೆಯ ವೀರ್ಯಾಣು ಇರುವವರ ವಿಷಯ ಬೇರೆ, ಅದು ಕೆಳಗಿದೆ.

ಫ್ರೀಜಿಂಗ್ ಆದ ಮೇಲಿನ ರಿಪೋರ್ಟ್ ನೋಡಿ ಗಾಬರಿಯಾಯಿತು. 60 ಮಿಲಿಯನ್ ಇದ್ದದ್ದು 30 ಆಗಿದೆ!

ಗಾಬರಿ ಬೇಡ, ಲೆಕ್ಕ ನೋಡಿ. 1 ಮಿ.ಲೀ. ವೀರ್ಯಕ್ಕೆ ಅಷ್ಟೇ ಫ್ರೀಜಿಂಗ್ ಮೀಡಿಯಾ ಸೇರಿಸಿದರು ಅಂದುಕೊಳ್ಳಿ. ಈಗ ಒಟ್ಟು 2 ಮಿ.ಲೀ. ಆಯಿತು, ಹಾಗಾಗಿ ಮಿ.ಲೀ.ಗೆ 60 ಮಿಲಿಯನ್ ಇದ್ದದ್ದು 30 ಆಯಿತು. ಯಾವ ವೀರ್ಯಾಣುವೂ ಕಳೆದುಹೋಗಿಲ್ಲ, ತೆಳುವಾಗಿದೆ ಅಷ್ಟೇ. ನಿಜವಾದ ನಷ್ಟ ಚಲನೆಯಲ್ಲಿ ಹುಡುಕಬೇಕು. ಮೊದಲು ಶೇ. 50 ಓಡಾಡುತ್ತಿದ್ದವು, ಈಗ ಶೇ. 25 ಅಂತಿದ್ದರೆ, ಒಟ್ಟು ಓಡಾಡುವವು 30 ಮಿಲಿಯನ್‌ನಿಂದ 15 ಮಿಲಿಯನ್‌ಗೆ ಇಳಿದವು. ಅರ್ಧ ಉಳಿಯಿತು, ಮಾಮೂಲಿ ಫಲಿತಾಂಶ. ಇದನ್ನು ಕೌಂಟರ್‌ನಲ್ಲೇ ಎರಡು ನಿಮಿಷ ಕೂರಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಆ ರಾತ್ರಿಯ ನಿದ್ದೆ ಉಳಿಯುತ್ತದೆ, ಯಾಕೋ ಹೇಳುವುದಿಲ್ಲ.

ಇಂಥ ರಿಪೋರ್ಟ್ ಸಿಗಬೇಕಾದರೆ ಒಂದು ಚಿಕ್ಕ ಭಾಗವನ್ನು ಫ್ರೀಜ್ ಮಾಡಿ ಕರಗಿಸಿ ನೋಡಬೇಕು. ಟೆಸ್ಟ್ ಥಾ ಅನ್ನುತ್ತಾರೆ. ಅದನ್ನು ಮಾಡುತ್ತೀರಾ ಅಂತ ಕೇಳಿ. ಮಾಡದಿದ್ದರೆ ನಿಮ್ಮ ಸ್ಟ್ರಾದಲ್ಲಿ ಏನಿದೆ ಅಂತ ಚಿಕಿತ್ಸೆಯ ದಿನದವರೆಗೂ ಯಾರಿಗೂ ಗೊತ್ತಿರುವುದಿಲ್ಲ.

ಸ್ಟ್ರಾ ಒಳ್ಳೆಯದಾ, ವಯಲ್ ಒಳ್ಳೆಯದಾ?

ತಣಿಯುವ ವಿಷಯದಲ್ಲಿ ಸ್ಟ್ರಾ ಮೇಲು. ತೆಳ್ಳಗಿರುವುದರಿಂದ ಒಳಗೂ ಹೊರಗೂ ಹೆಚ್ಚುಕಡಿಮೆ ಒಟ್ಟಿಗೇ ತಣಿಯುತ್ತದೆ. ಚಿಕ್ಕ ಸೀಸೆಯಂಥ ದಪ್ಪ ವಯಲ್‌ನಲ್ಲಿ ಅಂಚು ಮೊದಲು, ನಡು ಆಮೇಲೆ. ಸ್ಕ್ರೂ ಮುಚ್ಚಳದ ವಯಲ್ ಒಳಗೆ ನೈಟ್ರೋಜನ್ ನುಸುಳುವುದೂ ಉಂಟು. ಆದರೆ ವಯಲ್‌ಗೆ ಲೇಬಲ್ ಹಾಕುವುದು, ಹಿಡಿಯುವುದು ಸುಲಭ. ಎರಡೂ ತುದಿ ಸೀಲ್ ಮಾಡಿದ ಸ್ಟ್ರಾ ಸೋಂಕಿನ ದೃಷ್ಟಿಯಿಂದಲೂ ಒಳ್ಳೆಯದು.

ಸೋಂಕಾ? ಅಷ್ಟು ಚಳಿಯಲ್ಲಿ ವೈರಸ್ ಬದುಕುತ್ತಾ?

ಬದುಕುತ್ತದೆ. ವೀರ್ಯಾಣುವನ್ನು ಕಾಯುವ ಚಳಿ ವೈರಸ್ಸನ್ನೂ ಕಾಯುತ್ತದೆ. 1995ರಲ್ಲಿ ಲಂಡನ್ನಿನಿಂದ ಒಂದು ವರದಿ ಬಂತು. ಅಸ್ಥಿಮಜ್ಜೆ ಇಟ್ಟಿದ್ದ ನೈಟ್ರೋಜನ್ ಟ್ಯಾಂಕ್ ಮೂಲಕ ಹೆಪಟೈಟಿಸ್ ಬಿ ಒಬ್ಬರಿಂದ ಇನ್ನೊಬ್ಬರಿಗೆ ಹರಡಿತ್ತು. ಅದು ವೀರ್ಯದ ಟ್ಯಾಂಕ್ ಅಲ್ಲ. ಆದರೂ ಅದಾದ ಮೇಲೆ ಎಲ್ಲರೂ ಎಚ್ಚೆತ್ತರು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಟೆಸ್ಟ್ ಮುಂಚೆಯೇ ಕೇಳುವುದು ಇದಕ್ಕೆ, ನಿಮ್ಮ ಮೇಲಿನ ಅನುಮಾನಕ್ಕಲ್ಲ.

ಕರಗಿಸುವುದರಲ್ಲೂ ಹಾಳಾಗುತ್ತದಾ?

ಆಗುತ್ತದೆ, ಅದರ ಬಗ್ಗೆ ಮಾತು ಕಡಿಮೆ. ಮೇಲಕ್ಕೆ ಬರುವಾಗಲೂ ಅದೇ ಅಪಾಯದ ಇಳಿಜಾರು ದಾಟಬೇಕು. ಅಲ್ಲಿ ನಿಧಾನ ಮಾಡಿದರೆ ಚಿಕ್ಕ ಹರಳುಗಳು ಸೇರಿ ದೊಡ್ಡ ಹರಳಾಗುತ್ತವೆ. ವೇಗವಾಗಿ ತಣಿಸಿದ್ದನ್ನು ವೇಗವಾಗಿಯೇ ಬಿಸಿಮಾಡಬೇಕು. ವಿಟ್ರಿಫೈ ಮಾಡಿದ ಹನಿಯನ್ನು ನೇರ ಬೆಚ್ಚಗಿನ ಮೀಡಿಯಾಕ್ಕೆ ಹಾಕುತ್ತಾರೆ. ಮಾಮೂಲಿ ಸ್ಟ್ರಾ, ವಯಲ್‌ಗಳನ್ನು ರೂಮಿನ ತಾಪಮಾನದಲ್ಲಿ ಅಥವಾ 37 ಡಿಗ್ರಿಯ ನೀರಿನಲ್ಲಿ ಕೆಲವು ನಿಮಿಷ ಇಡುತ್ತಾರೆ. ಆಮೇಲೆ ಗ್ಲಿಸರಾಲ್ ತೊಳೆಯುವಾಗಲೂ ಅವಸರ ಸಲ್ಲದು.

ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಇದೆ. ಯಾರದೋ ಸ್ಟ್ರಾ ಹುಡುಕಲು ಟ್ಯಾಂಕ್‌ನಿಂದ ಕ್ಯಾನಿಸ್ಟರ್ (ಸ್ಟ್ರಾಗಳನ್ನು ಇಟ್ಟಿರುವ ಡಬ್ಬಿ) ಪೂರ್ತಿ ಮೇಲೆತ್ತಿ ನಿಂತರೆ, ಅದರಲ್ಲಿರುವ ಉಳಿದ ಸ್ಟ್ರಾಗಳೆಲ್ಲ ಸೆಕೆಂಡುಗಳಲ್ಲೇ ಬೆಚ್ಚಗಾಗಲು ಶುರುವಾಗುತ್ತವೆ. ಟ್ಯಾಂಕ್‌ನ ಕುತ್ತಿಗೆ ದಾಟಿಸದೆ ಕೆಲಸ ಮುಗಿಸುವುದು ಒಳ್ಳೆಯ ಲ್ಯಾಬ್‌ನ ಲಕ್ಷಣ.

ನಮ್ಮೂರಲ್ಲಿ ಹಸುಗಳಿಗೆ ಡಾಕ್ಟರು ಕ್ಯಾನ್ ತಂದು ಸ್ಟ್ರಾ ಹಾಕುತ್ತಾರೆ. ಇದೂ ಅದೇನಾ?

ಮೂಲ ತತ್ವ ಅದೇ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಇದೆ, ಹೋರಿಗಳ ವೀರ್ಯ ಅಲ್ಲಿಂದ ಹಳ್ಳಿ ಹಳ್ಳಿಗೆ ಹೋಗುತ್ತದೆ. ಕಾಲು ಮಿ.ಲೀ. ಸ್ಟ್ರಾವನ್ನು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡ್ ಅದ್ದಿ ಬಳಸುವುದು ಹೈನುಗಾರರಿಗೆ ಚೆನ್ನಾಗಿ ಗೊತ್ತು.

ವ್ಯತ್ಯಾಸ ಒಂದಿದೆ. ಫ್ರೀಜಿಂಗ್ ತಡೆಯದ ವೀರ್ಯದ ಹೋರಿಯನ್ನು ಪಟ್ಟಿಯಿಂದಲೇ ತೆಗೆದುಬಿಡುತ್ತಾರೆ. ಮನುಷ್ಯರಲ್ಲಿ ಹಾಗೆ ಆಯ್ಕೆ ಮಾಡುವ ಹಾಗಿಲ್ಲ. ಲ್ಯಾಬ್‌ಗೆ ಬರುವವರಲ್ಲಿ ಬಹಳಷ್ಟು ಮಂದಿ ತೊಂದರೆ ಇದ್ದೇ ಬಂದಿರುತ್ತಾರೆ. ಹಾಗಾಗಿ ಹೋರಿಯ ಸ್ಟ್ರಾದಂತೆ ಒಂದೇ ಅಳತೆಯ ಫಲಿತಾಂಶ ಮನುಷ್ಯರಲ್ಲಿ ಸಿಗುವುದಿಲ್ಲ.

ಡಿಎನ್‌ಎ ಹಾಳಾಗುತ್ತದಾ? ಹುಟ್ಟುವ ಮಗುವಿಗೆ ತೊಂದರೆ?

ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಹಳ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಅದೇ ಒಂದು ರಕ್ಷಣೆ. ಫ್ರೀಜಿಂಗ್‌ನಿಂದ ಡಿಎನ್‌ಎ ತುಂಡಾಗುವುದು ಹೆಚ್ಚಾಯಿತು ಅನ್ನುವ ಅಧ್ಯಯನಗಳಿವೆ, ಹೆಚ್ಚಾಗಲಿಲ್ಲ ಅನ್ನುವವೂ ಇವೆ. ಮೊದಲೇ ದುರ್ಬಲವಾಗಿದ್ದ ಸ್ಯಾಂಪಲ್‌ಗಳಲ್ಲಿ ಪೆಟ್ಟು ಜಾಸ್ತಿ ಕಾಣುತ್ತದೆ. ಮೀಡಿಯಾಕ್ಕೆ ವಿಟಮಿನ್ ಇ ಥರದ ಆಂಟಿಆಕ್ಸಿಡೆಂಟ್ ಸೇರಿಸಿ ನೋಡಿದವರಿದ್ದಾರೆ, ಮೈಕ್ರೋಸ್ಕೋಪ್ ಕೆಳಗೆ ಅಷ್ಟಿಷ್ಟು ಲಾಭ ಕಂಡಿದೆ. ಮಗುವಿನ ವಿಷಯಕ್ಕೆ ಬಂದರೆ, 1953ರಿಂದ ಇಲ್ಲಿಯವರೆಗೆ ಲೆಕ್ಕವಿಲ್ಲದಷ್ಟು ಮಕ್ಕಳು ಫ್ರೀಜ್ ಮಾಡಿದ ವೀರ್ಯದಿಂದ ಹುಟ್ಟಿದ್ದಾರೆ. ಫ್ರೀಜಿಂಗ್‌ನಿಂದಾಗಿಯೇ ಅವರಲ್ಲಿ ಹುಟ್ಟುದೋಷ ಹೆಚ್ಚಾಯಿತು ಅಂತ ಕಂಡುಬಂದಿಲ್ಲ.

ಎಷ್ಟು ವರ್ಷ ಇಡಬಹುದು?

ಜೀವಶಾಸ್ತ್ರದ ಲೆಕ್ಕದಲ್ಲಿ ದಶಕಗಟ್ಟಲೆ. ಬ್ರಿಟನ್ನಿನಲ್ಲಿ ವೃಷಣದ ಕ್ಯಾನ್ಸರ್ ಬಂದಿದ್ದ ಹುಡುಗನೊಬ್ಬ ಚಿಕಿತ್ಸೆಗೆ ಮುಂಚೆ ಇಟ್ಟಿದ್ದ ವೀರ್ಯದಿಂದ 21 ವರ್ಷದ ಮೇಲೆ ಮಗು ಹುಟ್ಟಿದ್ದು 2004ರಲ್ಲಿ ವರದಿಯಾಯಿತು. ಮೈನಸ್ 130ಕ್ಕಿಂತ ಕೆಳಗೆ ರಾಸಾಯನಿಕ ಕ್ರಿಯೆಗಳು ಹೆಚ್ಚುಕಡಿಮೆ ನಿಂತೇಹೋಗುತ್ತವೆ, ಹಾಗಾಗಿ ಎರಡು ವರ್ಷ ಇಟ್ಟದ್ದಕ್ಕೂ ಹನ್ನೆರಡು ವರ್ಷ ಇಟ್ಟದ್ದಕ್ಕೂ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಬಾರದು.

ಕಾನೂನಿನ ಲೆಕ್ಕ ಬೇರೆ. ನಮ್ಮ ದೇಶದ 2021ರ ಎಆರ್‌ಟಿ (ಕೃತಕ ಗರ್ಭಧಾರಣೆಯ ಚಿಕಿತ್ಸೆಗಳ) ಕಾಯ್ದೆ ದಾನಿಯ ವೀರ್ಯ, ಅಂಡಾಣು ಮತ್ತು ಭ್ರೂಣಗಳಿಗೆ 10 ವರ್ಷದ ಮಿತಿ ಹಾಕಿದೆ. ನಿಮಗಾಗಿ ನೀವೇ ಇಡುವ ವೀರ್ಯದ ಬಗ್ಗೆ ನಿಮ್ಮ ವೀರ್ಯ ಬ್ಯಾಂಕ್ ಏನು ಬರೆದುಕೊಂಡಿದೆ ಅಂತ ಒಪ್ಪಿಗೆ ಪತ್ರದಲ್ಲೇ ಓದಿ.

ಮನೆಯ ಡೀಪ್ ಫ್ರೀಜರ್‌ನಲ್ಲಿ ಇಡಬಹುದಾ?

ಬೇಡ. ಮೈನಸ್ 18 ಡಿಗ್ರಿ ಅಂದರೆ ಸರಿಯಾಗಿ ಅಪಾಯದ ಜಾಗದಲ್ಲೇ ನಿಲ್ಲಿಸಿದ ಹಾಗೆ. ಹೌದು, ಇದನ್ನೂ ಕೇಳುತ್ತಾರೆ, ಪಾಪ.

ಕೀಮೋ ಮುಂದಿನ ವಾರ. ಈಗ ಸಮಯ ಇದೆಯಾ?

ಇದೆ, ಇವತ್ತೇ ಫೋನ್ ಮಾಡಿ. ಕೀಮೋ ಅಥವಾ ರೇಡಿಯೇಶನ್ ಶುರುವಾಗುವ ಮುಂಚೆ ಕೊಡಬೇಕು. ಶುರುವಾದ ಮೇಲೆ ಸಿಗುವ ವೀರ್ಯಾಣುವಿನ ಡಿಎನ್‌ಎ ಬಗ್ಗೆ ಭರವಸೆ ಇಡಲಾಗುವುದಿಲ್ಲ. ಸಾಧ್ಯವಾದರೆ ಎರಡು ಮೂರು ಸ್ಯಾಂಪಲ್, ನಡುವೆ ಒಂದೆರಡು ದಿನದ ಬಿಡುವು. ಅಷ್ಟು ಸಮಯ ಇಲ್ಲದಿದ್ದರೆ ಒಂದೇ ಸಾಕು, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಕಾಯಿಲೆಯಿಂದಲೇ ಕೌಂಟ್ ಕಡಿಮೆ ಇರಬಹುದು, ಅದನ್ನು ನೋಡಿ ಬೇಡ ಅನ್ನಬೇಡಿ. 1992ರಲ್ಲಿ ಬೆಲ್ಜಿಯಂನಿಂದ ಇಕ್ಸಿ (ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೇ ಬಿಡುವ ವಿಧಾನ) ಬಂದ ಮೇಲೆ ಒಂದು ಅಂಡಾಣುವಿಗೆ ಒಂದು ಜೀವಂತ ವೀರ್ಯಾಣು ಸಾಕು.

ಡಾಕ್ಟರು ತಾವಾಗಿ ಈ ವಿಷಯ ಎತ್ತುತ್ತಾರೆ ಅಂತ ಕಾಯಬೇಡಿ. ಹುಡುಗನಿಗೆ ಹದಿನೆಂಟೋ ಇಪ್ಪತ್ತೋ ಆಗಿದ್ದರೆ ಅಪ್ಪ ಅಮ್ಮನ ಎದುರು ಬಾಯಿಬಿಡಲು ಮುಜುಗರ. ಅವನನ್ನು ಒಬ್ಬನೇ ಕೂರಿಸಿ ಮಾತಾಡಲು ಬಿಡಿ.

ಫ್ರೀಜ್ ಮಾಡಿದ್ದರಿಂದ ಐಯುಐ ಸಾಕಾ, ಐವಿಎಫ್ಫೇ ಬೇಕಾ?

ಕರಗಿಸಿದ ಮೇಲೆ ಓಡಾಡುವವು ಎಷ್ಟು ಅನ್ನುವುದರ ಮೇಲೆ. ಐಯುಐ ಅಂದರೆ ವೀರ್ಯವನ್ನು ಗರ್ಭಕೋಶಕ್ಕೆ ಹಾಕುವುದು, ಅಲ್ಲಿಂದ ವೀರ್ಯಾಣು ತಾನೇ ಈಜಿಕೊಂಡು ಹೋಗಬೇಕು, ಅದಕ್ಕೆ ಮಿಲಿಯನ್‌ಗಟ್ಟಲೆ ಬೇಕು. ಅಲ್ಲದೆ ಕರಗಿಸಿದ ವೀರ್ಯಾಣುಗಳು ತಾಜಾ ಇರುವಷ್ಟು ಹೊತ್ತು ಬದುಕುವುದಿಲ್ಲ, ಆದ್ದರಿಂದ ಅಂಡಾಣು ಬಿಡುಗಡೆಯಾಗುವ ಸಮಯಕ್ಕೆ ಸರಿಯಾಗಿ ಹಾಕಬೇಕು. ಇಕ್ಸಿಗೆ ಈ ತಾಪತ್ರಯ ಇಲ್ಲ, ಫ್ರೀಜಿಂಗ್‌ನ ನಷ್ಟ ಅಲ್ಲಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ವೀರ್ಯದಲ್ಲಿ ಏನೂ ಇಲ್ಲ, ವೃಷಣದಿಂದ ತೆಗೆದು ಫ್ರೀಜ್ ಮಾಡೋಣ ಅಂದಿದ್ದಾರೆ. ಉಳಿಯುತ್ತದಾ?

ದಾರಿ ಕಟ್ಟಿಕೊಂಡು ಹೊರಬರದೇ ಇದ್ದರೆ, ಒಳಗೆ ಬೇಕಾದಷ್ಟಿರುತ್ತವೆ, ಫ್ರೀಜ್ ಮಾಡಿದರೂ ಇಕ್ಸಿಯಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಉತ್ಪಾದನೆಯೇ ಕಡಿಮೆ ಇದ್ದು, ಗಂಟೆಗಟ್ಟಲೆ ಹುಡುಕಿ ಹತ್ತಿಪ್ಪತ್ತು ಸಿಕ್ಕರೆ ಮಾತ್ರ ಫ್ರೀಜಿಂಗ್‌ನಲ್ಲಿ ಒಂದೂ ಉಳಿಯದೆ ಹೋಗುವ ಸಾಧ್ಯತೆ ನಿಜವಾಗಿಯೂ ಇದೆ. ಇಂಥವರಿಗೆ ಚಿಕ್ಕ ಹನಿಯ ವಿಟ್ರಿಫಿಕೇಶನ್, ಬಿಡಿ ಬಿಡಿಯಾಗಿ ವೀರ್ಯಾಣು ಇಡುವ ಸಾಧನಗಳು ಉಪಯೋಗಕ್ಕೆ ಬರುತ್ತವೆ, ಯಾಕೆಂದರೆ ದೊಡ್ಡ ವಯಲ್‌ನಲ್ಲಿಟ್ಟರೆ ಕರಗಿಸಿದ ಮೇಲೆ ಮತ್ತೆ ಹುಡುಕುವುದೇ ಕಷ್ಟ. ಕೆಲವು ಕಡೆ ಅಂಡಾಣು ತೆಗೆಯುವ ದಿನವೇ ವೃಷಣದ ಆಪರೇಶನ್ನನ್ನೂ ಇಟ್ಟುಕೊಂಡು ವೀರ್ಯಾಣುವನ್ನು ತಾಜಾ ಬಳಸುತ್ತಾರೆ. ನಿಮಗೆ ಯಾವುದು ಅಂತ ಆಪರೇಶನ್‌ಗೆ ಮುಂಚೆ ಕೇಳಿ, ಆಮೇಲಲ್ಲ.

ನಾವು ನಮ್ಮ ಕಡೆಯಿಂದ ಏನು ಮಾಡಬಹುದು?

ಎರಡು ಮೂರು ದಿನದ ಬಿಡುವು ಕೊಟ್ಟು ಸ್ಯಾಂಪಲ್ ಕೊಡಿ, ಹದಿನೈದು ದಿನ ಕೂಡಿಟ್ಟರೆ ಒಳ್ಳೆಯದಾಗುವುದಿಲ್ಲ. ಸಾಧ್ಯವಾದಷ್ಟು ಲ್ಯಾಬ್‌ನಲ್ಲೇ ಕೊಡಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ಐಸ್ ಇಡದೆ, ಎಸಿ ಗಾಳಿಗೆ ಒಡ್ಡದೆ ತನ್ನಿ. ಬೆಂಗಳೂರಿನ ಟ್ರಾಫಿಕ್ ಲೆಕ್ಕ ಹಾಕಿಕೊಂಡೇ ಹೊರಡಿ. ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಹಿಡಿಯುವುದರಿಂದ, ಹೋದ ತಿಂಗಳ ಜೋರು ಜ್ವರ ಈ ತಿಂಗಳ ಸ್ಯಾಂಪಲ್‌ನಲ್ಲಿ ಕಾಣಬಹುದು. ಅವಸರ ಇಲ್ಲದಿದ್ದರೆ ಕಾಯಿರಿ. ಸಿಗರೇಟು ಬಿಟ್ಟರೆ ಒಳ್ಳೆಯದು ಅಂತ ಬೇರೆ ಹೇಳಬೇಕಾಗಿಲ್ಲ.

ಟ್ಯಾಂಕೇ ಕೆಟ್ಟುಹೋದರೆ?

ಆಗಿರುವ ಉದಾಹರಣೆ ಇದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ವಾರಾಂತ್ಯದಲ್ಲಿ ಎರಡು ಟ್ಯಾಂಕ್‌ಗಳು ಕೈಕೊಟ್ಟು ಸಾವಿರಾರು ಅಂಡಾಣು, ಭ್ರೂಣಗಳಿಗೆ ಹಾನಿಯಾಯಿತು. ನೈಟ್ರೋಜನ್ ದಿನವೂ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ, ತುಂಬಿಸುತ್ತಲೇ ಇರಬೇಕು. ಮಟ್ಟವನ್ನು ಯಾರು ನೋಡುತ್ತಾರೆ, ಅಲಾರಂ ರಾತ್ರಿ ಯಾರ ಫೋನಿಗೆ ಹೋಗುತ್ತದೆ ಅಂತ ಕೇಳಿ. ನಿಮ್ಮ ಸ್ಟ್ರಾಗಳನ್ನು ಎರಡು ಬೇರೆ ಟ್ಯಾಂಕ್‌ಗಳಲ್ಲಿ ಹಂಚಿ ಇಡುತ್ತೀರಾ ಅಂತಲೂ ಕೇಳಿ. ಈ ಪ್ರಶ್ನೆಗೆ ಸಿಡುಕುವ ಲ್ಯಾಬ್ ಬೇಡ.

ಇಟ್ಟವರೇ ತೀರಿಕೊಂಡರೆ ವೀರ್ಯ ಯಾರಿಗೆ?

ಕಷ್ಟದ ಪ್ರಶ್ನೆ, ಆದರೆ ಫಾರಂ ತುಂಬುವಾಗಲೇ ಯೋಚಿಸಬೇಕಾದದ್ದು. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್, ಕ್ಯಾನ್ಸರ್‌ನಿಂದ ತೀರಿಕೊಂಡ ಮದುವೆಯಾಗದ ಯುವಕನ ವೀರ್ಯವನ್ನು ತಂದೆ ತಾಯಿಗೆ ಕೊಡಲು ಆದೇಶಿಸಿತು. ಅವನು ಅದನ್ನು 2020ರಲ್ಲಿ ಕೀಮೋಗೆ ಮುಂಚೆ ಇಟ್ಟಿದ್ದ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಸಿಕ್ಕಿದ್ದು. ನಿಮ್ಮ ಇಚ್ಛೆ ಏನು ಅಂತ ಸ್ಪಷ್ಟವಾಗಿ ಬರೆದಿಡಿ.

ಕರಗಿಸಿದ್ದರಲ್ಲಿ ಮಿಕ್ಕಿದ್ದನ್ನು ಮತ್ತೆ ಫ್ರೀಜ್ ಮಾಡಬಹುದಾ?

ಮಾಡಬಹುದು, ಆದರೆ ಉಳಿದ ಅರ್ಧದಲ್ಲಿ ಮತ್ತೆ ದೊಡ್ಡ ಪಾಲು ಹೋಗುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ, ಇಕ್ಸಿಗೆ ಮಾತ್ರ, ಅಪರೂಪಕ್ಕೆ ಮಾಡುತ್ತಾರೆ. ಅದಕ್ಕಿಂತ ಮೊದಲ ದಿನವೇ ಸ್ಯಾಂಪಲ್ಲನ್ನು ಹಲವು ಸ್ಟ್ರಾಗಳಿಗೆ ಹಂಚಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಕರಗಿಸಲು ಹೇಳಿ. ಎಷ್ಟು ಸ್ಟ್ರಾ ಬಳಸಿದರು, ಎಷ್ಟು ಉಳಿದಿದೆ ಅನ್ನುವ ಲೆಕ್ಕವನ್ನು ಪ್ರತಿ ಸಲವೂ ಬರೆಸಿಕೊಂಡು ಬನ್ನಿ.